ಕ್ಲೈಮ್ ಕೊಡಲ್ಲ ಅಂದರೆ ಸುಮ್ನೆ ಕೂರಬೇಡಿ: ಪುಣೆಯಲ್ಲಿ ನಾನು ಕಲಿತದ್ದು

ಹೋದ ವಾರ ನಮ್ಮ ಸೊಸೈಟಿಯ ಕನ್ನಡದವರೊಬ್ಬರು ಫೋನ್ ಮಾಡಿದ್ದರು. ಗಂಡನಿಗೆ ಆಪರೇಷನ್ ಆಗಿ ಹದಿನೈದು ದಿನ. ಆಸ್ಪತ್ರೆ ಬಿಲ್ಲು ಕಟ್ಟೋಕೆ ಬಂಗಾರ ಅಡ ಇಟ್ಟಿದ್ದಾರೆ. ಅಷ್ಟರಲ್ಲಿ ವಿಮೆ ಕಂಪನಿಯಿಂದ ಮೇಲ್ ಬಂದಿದೆ, ಕ್ಲೈಮ್ ಕೊಡಲ್ಲ ಅಂತ. ಪಾಲಿಸಿ ಮಾಡಿಸುವಾಗ ಸಕ್ಕರೆ ಕಾಯಿಲೆ ಇರೋದನ್ನ ಮುಚ್ಚಿಟ್ಟಿದ್ದೀರಿ ಅನ್ನೋದು ಕಾರಣ. "ಏಳು ವರ್ಷ ಕಂತು ಕಟ್ಟಿದೀವಿ ಅಕ್ಕ, ಒಂದು ಸಲನೂ ಒಂದು ರೂಪಾಯಿ ಕೇಳಿರಲಿಲ್ಲ" ಅಂತ ಅತ್ತುಬಿಟ್ಟರು.

ಆ ಸಂಕಟ ನನಗೆ ಗೊತ್ತು. ನಾನೂ ಅದೇ ಕುರ್ಚಿಯಲ್ಲಿ ಕೂತು ಬಂದವಳು. ಮುಂಬೈ, ಪುಣೆ, ಗೋವಾ ಎಲ್ಲಿ ನಮ್ಮವರು ಸೇರಿದರೂ ಈಗ ಈ ಮಾತು ಬಂದೇ ಬರುತ್ತೆ, ಸಿಟ್ಟು ಬಂದೇ ಬರುತ್ತೆ. ಬರಬೇಕಾದ್ದೇ. ಐಆರ್‌ಡಿಎಐ ಅಂದರೆ ವಿಮೆ ಕಂಪನಿಗಳ ಮೇಲೆ ಕಣ್ಣಿಡುವ ಪ್ರಾಧಿಕಾರ. ಅದರ ವಾರ್ಷಿಕ ವರದಿಯ ಪ್ರಕಾರ 2023-24ರ ಒಂದೇ ವರ್ಷದಲ್ಲಿ ಪಾಲಿಸಿಯ ಷರತ್ತು ತೋರಿಸಿ ಕಂಪನಿಗಳು ಒಪ್ಪದೆ ಬಿಟ್ಟ ಆರೋಗ್ಯ ಕ್ಲೈಮ್‌ಗಳ ಮೊತ್ತ ಸುಮಾರು ₹15,100 ಕೋಟಿ. ಅದರಲ್ಲಿ ಎಷ್ಟು ಮನೆಯವರು ತಿರುಗಿ ಒಂದು ಪತ್ರ ಬರೆದಿರಬಹುದು? ನನಗೆ ಕಾಣುವ ಮಟ್ಟಿಗೆ ನಮ್ಮವರಲ್ಲಿ ಜಾಸ್ತಿ ಜನ ಬರೆಯೋದೇ ಇಲ್ಲ. ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಫೋನ್ ಮಾಡಿ, ಕೂಗಾಡಿ, ಸುಸ್ತಾಗಿ ಬಿಟ್ಟುಬಿಡ್ತಾರೆ. ಫೋನಲ್ಲಿ ಆಡಿದ ಸಿಟ್ಟು ಗಾಳಿಗೆ ಹೋಗುತ್ತೆ. ಅದೇ ಸಿಟ್ಟನ್ನು ತಾರೀಖು ಹಾಕಿ ಕಾಗದಕ್ಕೆ ಇಳಿಸಿದರೆ ಅದಕ್ಕೆ ಅವರು ಉತ್ತರ ಕೊಡಲೇಬೇಕು. ನಾನು ಹೇಳೋದೆಲ್ಲ ಇದೊಂದೇ. ಹೇಗೆ ಅನ್ನೋದನ್ನ ನಮ್ಮ ಮನೆಯ ಕಥೆಯಿಂದಲೇ ಹೇಳ್ತೀನಿ.

2024ರ ಜುಲೈ. ಮಳೆಗಾಲದ ಜ್ವರ ಅಂತ ಮಲಗಿದ್ದ ಅವ್ವನಿಗೆ ಮಧ್ಯಾಹ್ನ ಉಸಿರು ಹತ್ತಲಾರಂಭಿಸಿತು. ನಾನು ಆಫೀಸಿನಲ್ಲಿದ್ದೆ. ಪಕ್ಕದ ಮನೆ ಕಾಕು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ಆ ತಾಯಿ ಅವತ್ತು ಇಲ್ಲದಿದ್ದರೆ ನಮ್ಮ ಅವ್ವ ಇವತ್ತು ಇರುತ್ತಿರಲಿಲ್ಲ. ಕ್ಯಾಶುವಲ್ಟಿಯಲ್ಲಿ ಚಿಕ್ಕ ಡಾಕ್ಟರ್ ಮರಾಠಿಯಲ್ಲಿ ಒಂದೊಂದೇ ಕೇಳಿದ್ದಾರೆ. ಅವ್ವ ವಿಜಯಪುರದ ಕಡೆಯವಳು, ಮರಾಠಿ ಅಷ್ಟಕ್ಕಷ್ಟೇ, ಮೇಲೆ ಬಾಯಿಗೆ ಆಕ್ಸಿಜನ್ ಮಾಸ್ಕ್. ಬಿಪಿ ಎಷ್ಟು ವರ್ಷದಿಂದ ಇದೆ ಅಂತ ಕೇಳಿದಾಗ ಕಾಕು ಅಂದಾಜಿನಲ್ಲಿ "ಆಠ-ದಹಾ ವರ್ಷಂ ಝಾಲೀ ಅಸ್ತೀಲ", ಎಂಟು-ಹತ್ತು ವರ್ಷ ಆಗಿರಬೇಕು, ಅಂದಿದ್ದಾರೆ. ಡಾಕ್ಟರ್ ಕೇಸ್ ಪೇಪರ್‌ನಲ್ಲಿ ಬಿಪಿ, 10 ವರ್ಷ ಅಂತ ಬರೆದುಕೊಂಡಿದ್ದಾರೆ. ಅವ್ವನಿಗೆ ಬಿಪಿ ಗೊತ್ತಾಗಿ ಎರಡು ವರ್ಷ ಮೇಲೆ ನಾಲ್ಕು ತಿಂಗಳು ಅಷ್ಟೇ ಆಗಿತ್ತು.

ನ್ಯುಮೋನಿಯಾ. ಒಂಬತ್ತು ದಿನ ಆಸ್ಪತ್ರೆ, ಅದರಲ್ಲಿ ನಾಲ್ಕು ದಿನ ಐಸಿಯು. ಬಿಲ್ಲು ₹1,84,600. ಕ್ಯಾಶ್‌ಲೆಸ್, ಅಂದರೆ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಹಣ ಕಟ್ಟೋದು, ಆಗಲ್ಲ ಅಂದರು, ನಾವೇ ಕಟ್ಟಿ ಮನೆಗೆ ಕರೆತಂದೆವು. ಆಮೇಲೆ ಕಟ್ಟಿದ ಹಣ ವಾಪಸ್ ಕೊಡಿ ಅಂತ ರಿಇಂಬರ್ಸ್‌ಮೆಂಟ್‌ಗೆ ಹಾಕಿದ್ದೂ ತಿರಸ್ಕಾರ ಆಯ್ತು. ಕಾರಣ ಆ ಒಂದು ಸಾಲು. ಪಾಲಿಸಿ 2021ರದ್ದು, ಬಿಪಿ ಹತ್ತು ವರ್ಷದ್ದು, ಹಾಗಾದರೆ ನೀವು ಮುಚ್ಚಿಟ್ಟಿದ್ದೀರಿ ಅಂತ.

ಇಲ್ಲಿಂದ ನೀವು ಮಾಡಬೇಕಾದ್ದು ಶುರು.

ಮೊದಲು ಒಂದು ಗೊಂದಲ ಬಿಡಿಸ್ತೀನಿ. ಕ್ಯಾಶ್‌ಲೆಸ್ ಆಗಲ್ಲ ಅಂದಮಾತ್ರಕ್ಕೆ ಕ್ಲೈಮ್ ಮುಗಿಯಿತು ಅಂತಲ್ಲ. ಕಟ್ಟಿ, ಆಮೇಲೆ ಕೇಳುವ ದಾರಿ ಇದ್ದೇ ಇರುತ್ತೆ. ಕ್ಯಾಶ್‌ಲೆಸ್ ವಿಷಯದಲ್ಲೂ ನಿಯಮ ಇದೆ: 2024ರ ಮೇ 29ರ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಆಸ್ಪತ್ರೆಯಿಂದ ಕೋರಿಕೆ ಬಂದ ಒಂದು ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು, ಡಿಸ್ಚಾರ್ಜ್ ಹೊತ್ತಿಗೆ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಮೂರು ಗಂಟೆ ದಾಟಿ ಆಸ್ಪತ್ರೆ ಹೆಚ್ಚಿಗೆ ಬಿಲ್ಲು ಹಾಕಿದರೆ ಆ ಹೆಚ್ಚಿನ ಹಣ ಕಂಪನಿಯ ತಲೆಗೆ. ಹಾಗಾಗಿ ಕೋರಿಕೆ ಎಷ್ಟು ಗಂಟೆಗೆ ಹೋಯ್ತು, ಉತ್ತರ ಎಷ್ಟು ಗಂಟೆಗೆ ಬಂತು ಅಂತ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಮತ್ತೊಂದು ಮಾತು, ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತ ಹುಡುಗಿಯ ಮೇಲೆ ಕೂಗಬೇಡಿ. ತೀರ್ಮಾನ ಅವಳ ಕೈಯಲ್ಲಿಲ್ಲ. ಅವಳ ಹತ್ತಿರ ನಯವಾಗಿ ಮಾತಾಡಿದರೆ ಕಂಪನಿ ಏನು ಪ್ರಶ್ನೆ ಕೇಳಿದೆ ಅನ್ನೋ ಕಾಗದದ ಪ್ರತಿ ಸಿಗುತ್ತೆ, ಅದು ಮುಂದೆ ತುಂಬಾ ಉಪಯೋಗಕ್ಕೆ ಬರುತ್ತೆ.

ಈಗ ತಿರಸ್ಕಾರದ ಪತ್ರ. ಬಾಯಿಮಾತಿನಲ್ಲಿ ಹೇಳಿದ್ದಾರೆ ಅಂದರೆ ಬರೆದು ಕೊಡಿ ಅನ್ನಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಕೊಡಲ್ಲ ಅಂತ ಅವರು ಷರತ್ತಿನ ಹೆಸರು ಹೇಳಿ ಬರೆಯಲೇಬೇಕು. ಅದೇ ಸುತ್ತೋಲೆಯಲ್ಲಿ ಇನ್ನೊಂದು ದೊಡ್ಡ ಮಾತಿದೆ: ಕಂಪನಿಯ ಕ್ಲೈಮ್ಸ್ ರಿವ್ಯೂ ಕಮಿಟಿ ಅಥವಾ ಅದರ ಮೇಲಿನ ಸಮಿತಿ ಒಪ್ಪದೆ ಯಾವ ಕ್ಲೈಮನ್ನೂ ತಿರಸ್ಕರಿಸುವಂತಿಲ್ಲ. ಯಾರೋ ಒಬ್ಬರು ಕಂಪ್ಯೂಟರಿನ ಮುಂದೆ ಕೂತು ಇಲ್ಲ ಅಂದರೆ ಆಗಲ್ಲ. ಆದ್ದರಿಂದ ನಿಮ್ಮ ಪತ್ರದಲ್ಲಿ ಕೇಳಿ, ಆ ಸಮಿತಿ ನಮ್ಮ ಕ್ಲೈಮನ್ನು ಯಾವ ತಾರೀಖಿಗೆ ನೋಡಿತು ಅಂತ.

ಪತ್ರವನ್ನು ಪಾಲಿಸಿ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಓದಿ. ಅವರು ಹೇಳಿದ ಷರತ್ತಿನ ಪೂರ್ತಿ ವಾಕ್ಯ ಓದಿ, ಅವರು ಎತ್ತಿ ಹಾಕಿದ ಅರ್ಧ ವಾಕ್ಯ ಅಲ್ಲ. ಪಾಲಿಸಿ ಭಾಷೆ ಗಂಟಲಲ್ಲಿ ಇಳಿಯಲ್ಲ, ನಿಜ. ಅದಕ್ಕೇ 2024ರ ಜನವರಿಯಿಂದ ಪ್ರತಿ ಪಾಲಿಸಿ ಜೊತೆ ಕಸ್ಟಮರ್ ಇನ್‌ಫರ್ಮೇಶನ್ ಶೀಟ್ ಅಂತ ಸರಳವಾದ ಹಾಳೆ ಕೊಡಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಊರಲ್ಲಿರುವ ಅಪ್ಪ ಅವ್ವನ ಪಾಲಿಸಿಗೆ ಕನ್ನಡದ್ದೇ ಕೇಳಿ.

ಎರಡನೇ ಕೆಲಸ ಆಸ್ಪತ್ರೆಯಲ್ಲಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಬಿಲ್ಲು ಎಲ್ಲರ ಹತ್ತಿರವೂ ಇರುತ್ತೆ, ಆದರೆ ಕ್ಲೈಮ್ ಬೀಳೋದೂ ಏಳೋದೂ ಇಂಡೋರ್ ಕೇಸ್ ಪೇಪರ್‌ಗಳಲ್ಲಿ. ಅಂದರೆ ದಿನಾ ಡಾಕ್ಟರ್ ಬರೆದದ್ದು, ನರ್ಸ್ ಬರೆದದ್ದು, ಜ್ವರ ಮತ್ತು ಆಕ್ಸಿಜನ್ನಿನ ಚಾರ್ಟು, ಮೊದಲ ದಿನದ ಹಿಸ್ಟರಿ ಹಾಳೆ. ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಕೊಡಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ವೃತ್ತಿ ನಿಯಮ 2002ರಿಂದಲೇ ಇದೆ. ಜೆರಾಕ್ಸ್ ಖರ್ಚು ತಗೊಳ್ತಾರೆ, ಕೊಡಿ. ನಮಗೆ ಸಿಕ್ಕ ಕಟ್ಟು 118 ಪುಟ. ಆ ರಾತ್ರಿ ಅಡುಗೆಮನೆ ನೆಲದ ಮೇಲೆ ಹರಡಿಕೊಂಡು ಒಂದೊಂದೇ ನೋಡುತ್ತಾ ಹೋದೆ. ಮೂರನೇ ಪುಟದಲ್ಲಿ ಬಿಪಿ 10 ವರ್ಷ ಅಂತ ಇತ್ತು, ಸರಿ. ಅದೇ ಪುಟದ ಮೇಲೆ ಎಡಮೂಲೆಯಲ್ಲಿ, ಮಾಹಿತಿ ಕೊಟ್ಟವರು: ನೆರೆಯವರು, ಅಂತ ಸಣ್ಣಕ್ಷರದಲ್ಲಿ ಬರೆದಿತ್ತು. ನಲವತ್ತೊಂದನೇ ಪುಟದಲ್ಲಿ ಹೃದಯದ ಡಾಕ್ಟರ್ ಬಂದು ನೋಡಿದಾಗ, ಅಷ್ಟೊತ್ತಿಗೆ ನಾನು ಅಲ್ಲಿದ್ದೆ, ಬಿಪಿ ಎರಡು ವರ್ಷದಿಂದ ಅಂತ ಬರೆದಿದ್ದರು. ಕಂಪನಿಯವರು ಮೂರನೇ ಪುಟ ಓದಿದ್ದರು, ನಲವತ್ತೊಂದನೆಯದನ್ನು ಓದಿರಲಿಲ್ಲ ಅಥವಾ ಬಿಟ್ಟುಬಿಟ್ಟಿದ್ದರು.

ಮೂರನೆಯದು, ಅವರು ಕೊಟ್ಟ ಕಾರಣಕ್ಕೆ ತಕ್ಕ ಸಾಕ್ಷಿ ಹುಡುಕೋದು. ಇದರಲ್ಲೇ ಹೆಚ್ಚು ಹೊತ್ತು ಕಳೆಯಿರಿ.

ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂದರೆ, ಮೊದಲು ನಿಮ್ಮ ಪ್ರಪೋಸಲ್ ಫಾರ್ಮಿನ, ಅಂದರೆ ಪಾಲಿಸಿ ಮಾಡಿಸುವಾಗ ತುಂಬಿದ ಅರ್ಜಿಯ, ಪ್ರತಿ ಕೇಳಿ ತರಿಸಿ. ಏಜೆಂಟ್ ತುಂಬಿದ ಫಾರ್ಮಿನಲ್ಲಿ ಏನಿದೆ ಅಂತ ನಮಗೇ ಗೊತ್ತಿರಲ್ಲ, ಅಲ್ವಾ? ಆಮೇಲೆ ಆ ಕಾಯಿಲೆ ಮೊದಲು ಯಾವಾಗ ಗೊತ್ತಾಯ್ತು ಅನ್ನೋದಕ್ಕೆ ಕಾಗದ. ನಾನು ವಿಜಯಪುರಕ್ಕೆ ಹೋದೆ. ಅವ್ವ ತೋರಿಸಿಕೊಳ್ಳುತ್ತಿದ್ದ ಡಾಕ್ಟರ್ ಹಳೇ ಓಪಿಡಿ ರಿಜಿಸ್ಟರ್ ಇಳಿಸಿ, ಧೂಳು ಒರೆಸಿ, ಪುಟ ತಿರುವಿ, ಅವ್ವನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟರು. 2022ರ ಮಾರ್ಚ್, ಬಿಪಿ 160/100, ಹೊಸದಾಗಿ ಕಂಡದ್ದು, ಗುಳಿಗೆ ಶುರು. ಆ ಪುಟದ ನಕಲಿಗೆ ಸೀಲು ಹಾಕಿ ಪತ್ರವನ್ನೂ ಬರೆದುಕೊಟ್ಟರು. ಪುಣೆಗೆ ಬಂದ ಮೇಲೆ ಕಾಕು ತಾವಾಗೇ ಒಂದು ಹಾಳೆ ತೆಗೆದುಕೊಂಡು, ಅವತ್ತು ಹೇಳಿದ್ದು ನಾನು, ಅಂದಾಜಿನಲ್ಲಿ ಹೇಳಿದೆ ಅಂತ ಮರಾಠಿಯಲ್ಲಿ ಬರೆದು ಸಹಿ ಹಾಕಿದರು.

ಇನ್ನೊಂದು ನೆನಪಿಡಿ. ಮುಚ್ಚಿಟ್ಟಿದ್ದೀರಿ ಅಂತ ಹೇಳಿದವರೇ ಅದನ್ನು ಸಾಬೀತು ಮಾಡಬೇಕು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಜೀವ ವಿಮೆ ಪ್ರಕರಣದಲ್ಲಿ ಈ ಹೊಣೆ ಕಂಪನಿಯದ್ದು ಅಂತ ಹೇಳಿದೆ. ಮತ್ತೆ 60 ತಿಂಗಳ ನಿಯಮ ಇದೆ, ಇದು ಎಲ್ಲರಿಗೂ ಗೊತ್ತಿರಬೇಕು: ಪಾಲಿಸಿ ಬಿಡದೆ ಐದು ವರ್ಷ ನಡೆದಿದ್ದರೆ, ಮೋಸ ಮಾಡಿದ್ದು ಸಾಬೀತಾಗದ ಹೊರತು ಹಳೇ ಮಾಹಿತಿ ಹೇಳಿಲ್ಲ ಅನ್ನೋ ಕಾರಣಕ್ಕೆ ಕ್ಲೈಮ್ ತಳ್ಳುವಂತಿಲ್ಲ. ಮೊದಲು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಯಿತು. ಮಧ್ಯದಲ್ಲಿ ವಿಮೆ ಮೊತ್ತ ಹೆಚ್ಚಿಸಿಕೊಂಡಿದ್ದರೆ ಹೆಚ್ಚಿಸಿದ ಭಾಗಕ್ಕೆ ಮಾತ್ರ ಲೆಕ್ಕ ಹೊಸದಾಗಿ ಶುರುವಾಗುತ್ತೆ. ಫೋನಲ್ಲಿ ಅತ್ತ ಆ ತಂಗಿಗೆ ನಾನು ಹೇಳಿದ್ದು ಇದನ್ನೇ. ಏಳು ವರ್ಷ ಕಟ್ಟಿದೀವಿ ಅಂದಳಲ್ಲ, ಅವಳ ಉತ್ತರ ಆ ಮಾತಿನಲ್ಲೇ ಇತ್ತು.

ಅಡ್ಮಿಟ್ ಆಗೋ ಅಗತ್ಯವೇ ಇರಲಿಲ್ಲ, ಮನೆಯಲ್ಲೇ ಗುಳಿಗೆ ತಗೊಂಡಿದ್ದರೆ ಆಗುತ್ತಿತ್ತು ಅಂತ ಬರೆದಿದ್ದರೆ, ನೋಡಿದ ಡಾಕ್ಟರಿಂದ ಪತ್ರ ತಗೊಳ್ಳಿ. ಸುಮ್ನೆ "ಅಗತ್ಯವಿತ್ತು" ಅಂತ ಇದ್ದರೆ ಸಾಲದು. ಅಡ್ಮಿಟ್ ಮಾಡುವಾಗ ಆಕ್ಸಿಜನ್ ಎಷ್ಟಿತ್ತು, ಯಾವ ಇಂಜೆಕ್ಷನ್ ರಕ್ತನಾಳದ ಮೂಲಕವೇ ಕೊಡಬೇಕಿತ್ತು, ಮನೆಗೆ ಕಳಿಸಿದ್ದರೆ ಏನಾಗಬಹುದಿತ್ತು, ಅಷ್ಟೂ ಇರಲಿ. ಕಾಯುವ ಅವಧಿ, ಅಂದರೆ ಪಾಲಿಸಿ ಶುರುವಾದ ಮೇಲೆ ಕೆಲವು ಕಾಯಿಲೆಗೆ ಕ್ಲೈಮ್ ಸಿಗದ ಮೊದಲ ದಿನಗಳು, ಮುಗಿದಿಲ್ಲ ಅಂದರೆ ತಾರೀಖು ಎಣಿಸಿ. ಮೊದಲೇ ಇದ್ದ ಕಾಯಿಲೆಗೆ ಈಗ 36 ತಿಂಗಳಿಗಿಂತ ಹೆಚ್ಚು ಕಾಯಿಸುವಂತಿಲ್ಲ, ಮತ್ತು ನೀವು ಬೇರೆ ಕಂಪನಿಯಿಂದ ಪಾಲಿಸಿ ಪೋರ್ಟ್ ಮಾಡಿಸಿಕೊಂಡು ಬಂದಿದ್ದರೆ ಅಲ್ಲಿ ಕಾಯ್ದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಇದನ್ನು ಎಷ್ಟೋ ಸಲ ಮರೆತುಬಿಡ್ತಾರೆ.

ಪೂರ್ತಿ ತಿರಸ್ಕಾರ ಅಲ್ಲ, ಅರ್ಧ ಕತ್ತರಿಸಿದ್ದಾರೆ ಅಂದರೆ ಜಾಸ್ತಿ ಸಲ ಅದು ರೂಮ್ ಬಾಡಿಗೆಯ ಆಟ. ಪಾಲಿಸಿಯಲ್ಲಿ ದಿನಕ್ಕೆ ₹5,000 ಮಿತಿ, ನೀವಿದ್ದದ್ದು ₹8,000ದ ರೂಮು ಅಂದರೆ ಬರೀ ₹3,000 ಕಡಿಮೆ ಮಾಡಿ ಬಿಡಲ್ಲ, ಡಾಕ್ಟರ್ ಫೀಸು, ಥಿಯೇಟರ್ ಖರ್ಚು ಎಲ್ಲದಕ್ಕೂ ಎಂಟರಲ್ಲಿ ಐದು ಪಾಲು ಅಂತ ಲೆಕ್ಕ ಹಾಕ್ತಾರೆ. ₹40,000 ಫೀಸು ₹25,000 ಆಗುತ್ತೆ. ಪಾಲಿಸಿಯಲ್ಲಿ ಆ ಷರತ್ತು ಇದ್ದರೆ ಅಷ್ಟಕ್ಕೆ ಅವರಿಗೆ ಅಧಿಕಾರ ಇದೆ. ಆದರೆ ಔಷಧಿ, ದೇಹದೊಳಗೆ ಹಾಕುವ ಸ್ಟೆಂಟ್ ಮೊದಲಾದ ಇಂಪ್ಲಾಂಟ್, ರಕ್ತ ಪರೀಕ್ಷೆ, ಸ್ಕ್ಯಾನು, ಇವುಗಳಿಗೆ ಈ ಲೆಕ್ಕ ಹಾಕುವಂತಿಲ್ಲ, ಐಸಿಯು ಖರ್ಚಿಗೂ ಹಾಕುವಂತಿಲ್ಲ. ರೂಮಿಗೆ ತಕ್ಕಂತೆ ದರ ಬದಲಾಗದ ಆಸ್ಪತ್ರೆಯಲ್ಲಿ ಎಲ್ಲೂ ಹಾಕುವಂತಿಲ್ಲ. ಕಡಿತದ ಪಟ್ಟಿ ಕೇಳಿ ತಗೊಂಡು, ಪೆನ್ಸಿಲ್ ಹಿಡಿದು ಸಾಲು ಸಾಲು ನೋಡಿ.

ಈಗ ಪತ್ರ ಬರೆಯಿರಿ. ಕಂಪನಿಯಲ್ಲಿ ದೂರು ನೋಡುವ ಗ್ರೀವನ್ಸ್ ಆಫೀಸರ್‌ಗೆ ಮೇಲ್, ವಿಳಾಸ ಪಾಲಿಸಿಯ ಕೊನೇ ಪುಟಗಳಲ್ಲಿ ಇರುತ್ತೆ. ಇಂಗ್ಲಿಷಿನಲ್ಲೇ ಬರೆದರೆ ಸುಲಭ, ದೊಡ್ಡ ಇಂಗ್ಲಿಷ್ ಬೇಡ. ನಾನು ಬರೆದದ್ದರ ಸಾರ ಇಷ್ಟು:

"ನಿಮ್ಮ ಪತ್ರದಲ್ಲಿ ನಮ್ಮ ತಾಯಿಗೆ 10 ವರ್ಷದಿಂದ ಬಿಪಿ ಇತ್ತು, ಅದನ್ನು ತಿಳಿಸಿಲ್ಲ ಎಂದಿದ್ದೀರಿ. ಇದು ಸರಿಯಲ್ಲ. ಪಾಲಿಸಿ ಶುರುವಾದದ್ದು 2021ರ ಆಗಸ್ಟ್‌ನಲ್ಲಿ. ಬಿಪಿ ಮೊದಲು ಕಂಡದ್ದು 2022ರ ಮಾರ್ಚ್‌ನಲ್ಲಿ. ವೈದ್ಯರ ಪತ್ರ ಮತ್ತು ರಿಜಿಸ್ಟರ್ ಪುಟ ಲಗತ್ತಿಸಿದ್ದೇನೆ. 10 ವರ್ಷ ಎಂದು ಹೇಳಿದವರು ನೆರೆಯವರು, ಅವರ ಹೇಳಿಕೆ ಜೊತೆಗಿದೆ. ನಿಮ್ಮ ಬಳಿ ಇರುವ ಕೇಸ್ ಪೇಪರಿನ 41ನೇ ಪುಟದಲ್ಲೇ 2 ವರ್ಷ ಎಂದಿದೆ. ಚಿಕಿತ್ಸೆ ಆದದ್ದು ನ್ಯುಮೋನಿಯಾಕ್ಕೆ. 2021ಕ್ಕಿಂತ ಮುಂಚೆ ಬಿಪಿ ಇತ್ತು ಎನ್ನಲು ನಿಮ್ಮಲ್ಲಿರುವ ಚೀಟಿ, ಪರೀಕ್ಷೆ, ಏನಿದೆಯೋ ಅದರ ಪ್ರತಿ ಕೊಡಿ. ಇಲ್ಲದಿದ್ದರೆ ₹1,84,600 ಬಡ್ಡಿ ಸಮೇತ ಕೊಡಿ."

ಬೈಗುಳ ಇಲ್ಲ, ಗೋಳು ಇಲ್ಲ. ತಾರೀಖು, ಪುಟದ ನಂಬರು, ಕೇಳುವ ಮೊತ್ತ. ಬಡ್ಡಿ ಕೇಳೋದು ಮರೀಬೇಡಿ, ತಡ ಮಾಡಿದರೆ ಬ್ಯಾಂಕ್ ದರದ ಮೇಲೆ ಶೇಕಡಾ 2 ಸೇರಿಸಿ ಕೊಡಬೇಕು ಅಂತ ನಿಯಮವೇ ಇದೆ. ಅದೇ ದಿನ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕಿ. ಕಂಪ್ಯೂಟರ್ ಬಾರದವರು 155255ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಟೋಕನ್ ನಂಬರ್ ಬರೆದಿಟ್ಟುಕೊಳ್ಳಿ. ಐಆರ್‌ಡಿಎಐ ತಾನೇ ತೀರ್ಪು ಕೊಡಲ್ಲ, ಕಂಪನಿಗೆ ದಾಟಿಸಿ ಉತ್ತರ ಕೊಟ್ಟರೋ ಇಲ್ಲವೋ ನೋಡುತ್ತೆ. ಆದರೂ ಕಂಪನಿಯ ಲೆಕ್ಕದಲ್ಲಿ ಒಂದು ದೂರು ಅಂತ ಏರುತ್ತೆ.

ನಮಗೆ ಬಂದ ಉತ್ತರ ಎರಡು ಸಾಲು. ಹಿಂದಿನ ತೀರ್ಮಾನಕ್ಕೇ ಬದ್ಧರಾಗಿದ್ದೇವೆ ಅಂತ. ಅವತ್ತು ಹೊಟ್ಟೆ ಉರಿದುಹೋಯ್ತು. ಕಳಿಸಿದ ಒಂದು ಕಾಗದವನ್ನೂ ತೆರೆದು ನೋಡಿಲ್ಲ ಅನ್ನೋದು ಆ ಎರಡು ಸಾಲಿನಲ್ಲೇ ಗೊತ್ತಾಗುತ್ತಿತ್ತು. ಇಂಥ ಉತ್ತರ ಬಂದರೆ, ಅಥವಾ ಒಂದು ತಿಂಗಳಾದರೂ ಉತ್ತರವೇ ಬರದಿದ್ದರೆ, ಮುಂದಿನ ಬಾಗಿಲು ವಿಮಾ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ಮತ್ತು ವಿಮೆ ಕಂಪನಿಯ ವ್ಯಾಜ್ಯ ಕೇಳಿ ತೀರ್ಪು ಕೊಡುವ ಅಧಿಕಾರಿ.

ಇದು ನಮ್ಮಂಥವರಿಗೇ ಇರುವ ಜಾಗ. ಫೀಸಿಲ್ಲ, ವಕೀಲರು ಬೇಡ, ಬರುವಂತೆಯೂ ಇಲ್ಲ. ₹50 ಲಕ್ಷದವರೆಗಿನ ವ್ಯಾಜ್ಯ ನೋಡ್ತಾರೆ. ಕಂಪನಿಯ ಕೊನೇ ತಿರಸ್ಕಾರದಿಂದ ಒಂದು ವರ್ಷದೊಳಗೆ ಹೋಗಬೇಕು, ಅದೇ ವಿಷಯ ಆಗಲೇ ಕೋರ್ಟಿನಲ್ಲಿ ಇರಬಾರದು. ಕೆಲಸ ಮಾಡುವ ಕಡೆಯಿಂದ ಸಿಕ್ಕ ಗ್ರೂಪ್ ಪಾಲಿಸಿ ಇದ್ದರೂ ಹೋಗಬಹುದು. ಮುಂಬೈಯ ಹೋಟೆಲುಗಳಲ್ಲಿ, ಗೋವಾದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಇದನ್ನು ದಯವಿಟ್ಟು ಹೇಳಿ, ಅವರು ಕಂಪನಿ ಪಾಲಿಸಿ ಅಂದರೆ ಸಾಹೇಬರ ದಯೆ ಅಂದುಕೊಂಡು ಸುಮ್ಮನಾಗ್ತಾರೆ.

ಪುಣೆಯ ಕಚೇರಿ ನಾರಾಯಣ ಪೇಠೆಯಲ್ಲಿ, ಎನ್.ಸಿ. ಕೇಳ್ಕರ್ ರಸ್ತೆಯ ಜೀವನ್ ದರ್ಶನ್ ಕಟ್ಟಡದಲ್ಲಿದೆ. ಮುಂಬೈಯದು ಸಾಂತಾಕ್ರೂಜ್ ಪಶ್ಚಿಮದ ಎಸ್.ವಿ. ರಸ್ತೆಯಲ್ಲಿ. ಗೋವಾದವರಿಗೆ ಈಗ ಪುಣೆ ಕಚೇರಿ. ಥಾಣೆ, ನವಿ ಮುಂಬೈಯವರ ವ್ಯಾಪ್ತಿ ಬೇರೆ ಇದೆ, ಓಂಬುಡ್ಸ್‌ಮನ್ ಮಂಡಳಿಯ ಜಾಲತಾಣದಲ್ಲಿ ಒಮ್ಮೆ ನೋಡಿಕೊಂಡೇ ಕಳಿಸಿ. ದೂರನ್ನು ಆನ್‌ಲೈನಿನಲ್ಲೇ ಹಾಕಬಹುದು, ವಿಚಾರಣೆ ವಿಡಿಯೋ ಕಾಲಿನಲ್ಲೂ ನಡೆಯುತ್ತೆ, ಹಾಗಾಗಿ ಮಡಗಾಂವಿನಿಂದ ಪುಣೆಗೆ ರೈಲು ಹತ್ತಬೇಕು ಅಂತಿಲ್ಲ. ದೂರು ದಾಖಲಾದ ಮೇಲೆ ಅವರು ಒಂದೆರಡು ಫಾರ್ಮ್ ಕಳಿಸ್ತಾರೆ, ಒಪ್ಪಿಗೆ ಸಹಿ ಹಾಕಿ ವಾಪಸ್ ಕಳಿಸೋದು ತಡ ಮಾಡಬೇಡಿ. ಬೇಕಾದ ಕಾಗದ ಎಲ್ಲ ಸೇರಿದ ಮೇಲೆ ಮೂರು ತಿಂಗಳೊಳಗೆ ತೀರ್ಪು ಕೊಡಬೇಕು ಅನ್ನೋದು ನಿಯಮ.

ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ಪುಟಕ್ಕೆ ನಂಬರ್ ಹಾಕಿ, ಮೇಲೆ ಒಂದೇ ಪುಟದಲ್ಲಿ ಯಾವತ್ತು ಏನಾಯ್ತು ಅಂತ ಬರೆದಿಡಿ. ವಿಚಾರಣೆ ಹದಿನೈದು ನಿಮಿಷ ಇದ್ದರೆ ಹೆಚ್ಚು, ಹುಡುಕುತ್ತಾ ಕೂರೋಕೆ ಹೊತ್ತಿಲ್ಲ. ನಾವು ನೇರವಾಗಿ ಹೋಗಿದ್ದೆವು. ಕಂಪನಿಯವರು ಮೂರನೇ ಪುಟ ತೋರಿಸಿದರು. ನಾನು ನಲವತ್ತೊಂದನೇ ಪುಟ ತೋರಿಸಿ, ರಿಜಿಸ್ಟರಿನ ನಕಲು ಮುಂದಿಟ್ಟೆ. ಅವ್ವನನ್ನೇ ಕೇಳಿದರು, ಬಿಪಿ ಗುಳಿಗೆ ಯಾವಾಗಿಂದ ಅಂತ. ನಾನು ಕನ್ನಡದಲ್ಲಿ ಕೇಳಿದೆ. "ಮೊಮ್ಮಗನ ಜವಳ ಆತಲ್ಲ, ಅದರ ಮುಂದಿನ ವಾರ" ಅಂದಳು ಅವ್ವ. ಜವಳದ ಕಾರ್ಯ ಆದದ್ದು 2022ರ ಮಾರ್ಚ್‌ನಲ್ಲೇ. ಅವಳಿಗೆ ಇಸವಿ ನೆನಪಿರಲಿಲ್ಲ, ದಿನ ನೆನಪಿತ್ತು.

ತೀರ್ಪು ನಮ್ಮ ಕಡೆ ಆಯ್ತು. ಕೈಗವಸು, ಮಾಸ್ಕು ಅಂತ ಪಾಲಿಸಿಯಲ್ಲಿ ಕೊಡದ ₹7,300 ಕಳೆದು ಉಳಿದದ್ದೆಲ್ಲ ಬಂತು. ಓಂಬುಡ್ಸ್‌ಮನ್ ತೀರ್ಪು ಕಂಪನಿಗೆ ಕಡ್ಡಾಯ. ಮೂವತ್ತು ದಿನದೊಳಗೆ ಪಾಲಿಸದಿದ್ದರೆ ಆಮೇಲೆ ದಿನಕ್ಕೆ ₹5,000ದಂತೆ ದೂರುದಾರರಿಗೆ ಕೊಡಬೇಕು ಅಂತ 2024ರ ಸುತ್ತೋಲೆಯಲ್ಲಿದೆ.

ಅಲ್ಲೂ ನಿಮ್ಮ ವಿರುದ್ಧ ಆದರೆ ಗ್ರಾಹಕ ಆಯೋಗ ಇದೆ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಯಾವ ಆಯೋಗ ಅನ್ನೋದು ಈಗ ನೀವು ಕಟ್ಟಿದ ಪ್ರೀಮಿಯಂ ಮೇಲೆ ನಿಂತಿದೆ, ಕೇಳುವ ಮೊತ್ತದ ಮೇಲಲ್ಲ, ಆದ್ದರಿಂದ ಹೆಚ್ಚು ಕಡಿಮೆ ಎಲ್ಲರಿಗೂ ಜಿಲ್ಲಾ ಆಯೋಗವೇ, ಮತ್ತು ₹5 ಲಕ್ಷದವರೆಗೆ ಫೀಸೂ ಇಲ್ಲ. ಮಾನಸಿಕ ಹಿಂಸೆಗೂ ಪರಿಹಾರ ಕೇಳಬಹುದಾದ ಜಾಗ ಅದು. ಆದರೆ ಹೊತ್ತು ಹಿಡಿಯುತ್ತೆ. ಹಾಗಾಗಿ ಮೊದಲು ಓಂಬುಡ್ಸ್‌ಮನ್ ಅಂತಲೇ ನಾನು ಹೇಳೋದು. ದಾರಿ ಗೊತ್ತಾಗದಿದ್ದರೆ 1915 ಗ್ರಾಹಕ ಸಹಾಯವಾಣಿ.

ಇನ್ನು ಕ್ಲೈಮ್ ಹಾಕುವ ಪ್ರಸಂಗವೇ ಬಾರದವರು, ಮನೆಯಲ್ಲಿ ಎಲ್ಲ ಆರೋಗ್ಯವಾಗಿರುವವರು, ಇವತ್ತೇ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಮೊದಲ ಬಿಪಿ ಚೀಟಿ, ಮೊದಲ ಸಕ್ಕರೆ ಪರೀಕ್ಷೆ ಹುಡುಕಿ ಫೋಟೋ ತೆಗೆದಿಡಿ. ಪ್ರಪೋಸಲ್ ಫಾರ್ಮ್ ತರಿಸಿ ಓದಿ, ತಪ್ಪಿದ್ದರೆ ಈಗಲೇ ಬರೆದು ತಿಳಿಸಿ. ಅಡ್ಮಿಟ್ ಮಾಡುವ ಹೊತ್ತಿನಲ್ಲಿ ಹಿಸ್ಟರಿ ಹೇಳುವವರು ಯಾರೇ ಆಗಿರಲಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಲಿ.

ನಮ್ಮ ಅವ್ವನ ಎಲೆ-ಅಡಿಕೆ ಚೀಲದಲ್ಲಿ ಈಗ ಒಂದು ಕಾರ್ಡು ಇರುತ್ತೆ, ನೀರು ತಾಗದಂತೆ ಲ್ಯಾಮಿನೇಷನ್ ಮಾಡಿಸಿದ್ದು. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ. ಬಿಪಿ: 2022ರ ಮಾರ್ಚ್‌ನಿಂದ. ಸಕ್ಕರೆ: ಇಲ್ಲ. ಕೆಳಗೆ ಗುಳಿಗೆಯ ಹೆಸರು, ನನ್ನ ನಂಬರು, ಕಾಕುವಿನ ನಂಬರು. ಮರಾಠಿಯದನ್ನು ಕಾಕುನೇ ಬರೆದುಕೊಟ್ಟರು.